ಬಾಗದ ಅಡ್ಡಕಂಬ

ಉಕ್ಕಿನ ಕಾರ್ಖಾನೆಯ ಊರೊಂದರಲ್ಲಿ ಕಾರ್ಮಿಕರದೇ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಅವರ ಸ್ಟೇಡಿಯಮ್ಮಿನ ಗೋಲ್‌ಪೋಸ್ಟುಗಳೂ ಅದೇ ಕಾರ್ಖಾನೆಯಲ್ಲಿ ತಯಾರಾದವು. ಫೈನಲ್ ಪಂದ್ಯದ ಕೊನೆಯ ನಿಮಿಷದಲ್ಲಿ ಕ್ಲಬ್ಬಿನ ಅರುಳಪ್ಪ ಒದ್ದ ಚೆಂಡು ಗೋಲ್‌ಪೋಸ್ಟಿನ ಅಡ್ಡಕಂಬಕ್ಕೆ ಬಡಿದು ಹಿಂದಕ್ಕೆ ಬಂತು. ಕಪ್ ಕೈತಪ್ಪಿತು.

“ನಮ್ಮ ಉಪ್ಪು ತಿಂದು ನಮಗೇ ದ್ರೋಹ ಮಾಡಿತಲ್ಲ!” ಎಂದು ಜನ ಕಂಬಕ್ಕೆ ಶಾಪ ಹಾಕುತ್ತ ಮನೆಗೆ ಹೋದರು. ಸೋತವರಿಗೆ ತಿರುಗಿ ಬೈಯದ ಕಂಬ ಸಿಕ್ಕರೆ ಇನ್ನೇನು ಬೇಕು?

ಚೆಂಡಿಗೆ ಮಾತ್ರ ಕುತೂಹಲ ತಡೆಯಲಾಗಲಿಲ್ಲ. “ಅಯ್ಯಾ, ನೀನು ಈ ಊರಿನ ಕುಲುಮೆಯಲ್ಲೇ ಹುಟ್ಟಿದವನು. ಒಂದು ಬೆರಳಿನಷ್ಟು ಮೇಲಕ್ಕೆ ಬಾಗಿದ್ದರೆ ನಾನು ಒಳಗೆ ಹೋಗುತ್ತಿದ್ದೆ. ಯಾಕೆ ಬಾಗಲಿಲ್ಲ?”

“ನನ್ನನ್ನು ಮಾಡಿದವನು ಬಾಗುವುದನ್ನು ಕಲಿಸಲಿಲ್ಲ,” ಎಂದಿತು ಅಡ್ಡಕಂಬ.

“ಯಾರವನು? ಎದುರು ತಂಡದವನೇ?”

“ತಾಳು, ಈಗ ಬರುತ್ತಾನೆ.”

ಖಾಲಿ ಮೈದಾನಕ್ಕೆ ಏಣಿ ಹೊತ್ತು ಬಂದವನು ಅರುಳಪ್ಪ! ಅವನು ಏಣಿ ಹತ್ತಿ, ಓರೆಯಿದೆಯೇ ಎಂದು ನೋಡಲು ಅಡ್ಡಕಂಬದ ಮೇಲೆ ರಸಮಟ್ಟವನ್ನಿಟ್ಟ. ಕಂಬ ಕೂದಲೆಳೆಯಷ್ಟು ಓರೆಯಾಗಿದ್ದರೂ ಸೋಲಿಗೆ ಒಂದು ನೆಪ ಸಿಗುತ್ತಿತ್ತು. ಚೆಂಡು ಉಸಿರು ಬಿಗಿಹಿಡಿದು ನೋಡಿತು. ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು.

“ನಾನೇ ಬೆಸುಗೆ ಹಾಕಿದ್ದು, ಸರಿಯಾಗಿಯೇ ಇದೆ,” ಎಂದು ಅರುಳಪ್ಪ ಕಂಬವನ್ನು ತಟ್ಟಿದ. “ನಾನು ಒದ್ದ ರೀತಿಯೇ ತಪ್ಪು.”

ಆಮೇಲೆ ಏಣಿಯನ್ನು ಪಕ್ಕಕ್ಕಿಟ್ಟು, ಚೆಂಡನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿರಿಸಿ, ಮತ್ತೆ ಒದೆಯತೊಡಗಿದ.