ಕೂರದವಳ ತೋಟ

ಇಟಲಿಯ ತೆಂಕಣ ಕಡಲಿನ ಒಂದು ಪುಟ್ಟ ದ್ವೀಪದಲ್ಲಿ, ಗುಡ್ಡದ ಇಳಿಜಾರಿನ ಮೇಲೆ ಏಳು ಹಂತಗಳಾಗಿ ಹಬ್ಬಿದ ಕಿತ್ತಳೆ ತೋಟವೊಂದಿದೆ. ಅಂಚಿಗೆ ಆಲಿವ್ ಮರಗಳು, ಕಲ್ಲುಗೋಡೆಯ ಮೇಲೆ ಇಳಿಬಿದ್ದ ಕಾಗದದ ಹೂವಿನ ಬಳ್ಳಿ, ಕೆಳಗೆ ಕಣ್ಣು ಕುಕ್ಕುವ ನೀಲಿ ಸಮುದ್ರ. ಎಲ್ಲವೂ ಉಂಟು, ಕೂರಲು ಒಂದು ಕಟ್ಟೆ ಮಾತ್ರ ಇಲ್ಲ. ಪ್ರವಾಸದ ನಡುವೆ ನಾನೂ ನನ್ನ ನಾದಿನಿ ಸುಭದ್ರೆಯೂ ಅಲ್ಲಿಗೆ ಹೋದಾಗ ಅವಳಿಗೆ ಮಂಡಿನೋವು. “ಇದೆಂಥ ತೋಟ ಅತ್ತಿಗೆ, ಬಂದವರು ಎಲ್ಲಿ ಕೂತು ಸುಧಾರಿಸಿಕೊಳ್ಳಬೇಕು?” ಎಂದು ಗೊಣಗಿದಳು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಮುದಿ ತೋಟಗಾರ ಕಲೋಜೆರೊ ಕತ್ತರಿ ಕೆಳಗಿಟ್ಟು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕಥೆ ಹೇಳಿದ. ಆ ಊರಿನವರು ಇದನ್ನು ‘ಕೂರದವಳ ತೋಟ’ ಎನ್ನುತ್ತಾರಂತೆ.

ಹಿಂದೆ ಒಮ್ಮೆ ಈ ಇಳಿಜಾರನ್ನು ನುಂಜಿಯಾ ಎಂಬ ವಿಧವೆ ಗೇಣಿಗೆ ಮಾಡಿಕೊಂಡಿದ್ದಳು. ಗಂಡನೂ ಅವಳೂ ಕೂಡಿ ನೆಟ್ಟ ಕಿತ್ತಳೆ ಗಿಡಗಳು ಇನ್ನೂ ಫಲಕ್ಕೆ ಬಂದಿರಲಿಲ್ಲ. ಗಂಡ ತೀರಿಕೊಂಡ ವರ್ಷ, ಗಿಡ ಕಿತ್ತು ಮೇಕೆ ಬಿಡಬೇಕೆಂದು ದ್ವೀಪದ ಒಡೆಯ ಹಟ ಹಿಡಿದ. ಅವಳು ಕಾಲಿಗೆ ಬಿದ್ದಾಗ ನಗುತ್ತ, “ಮೊದಲ ಮಳೆಯವರೆಗೆ ಎಷ್ಟು ಹಂತ ಹಸಿರಾಗಿ ಉಳಿಸುತ್ತೀಯೋ ಅಷ್ಟೂ ನಿನ್ನದು” ಎಂದನಂತೆ. ಆ ಸೀಮೆಯಲ್ಲಿ ಬೇಸಿಗೆಯಿಡೀ ಹನಿ ಮಳೆಯಿಲ್ಲ. ಬಾವಿಯೋ ಗುಡ್ಡದ ಬುಡದಲ್ಲಿ. ಅಂದಿನಿಂದ ಅವಳು ಕೊಡ ಹೊತ್ತು ಹತ್ತತೊಡಗಿದಳು. ಮೇಲಿನ ಹಂತ ನೆನೆಯುವಷ್ಟರಲ್ಲಿ ಕೆಳಗಿನದು ಬಾಡುತ್ತಿತ್ತು. ರೊಟ್ಟಿಯನ್ನು ನಡೆಯುತ್ತಲೇ ತಿನ್ನುತ್ತಿದ್ದಳು. ನೆರೆಯೂರಿಗೆ ಕೊಟ್ಟಿದ್ದ ಮಗಳು ಅಗಾತಾ ಸುದ್ದಿ ಕೇಳಿ ಓಡಿಬಂದು, “ಅಮ್ಮಾ, ಒಂದು ಗಳಿಗೆ ಕೂತುಕೋ” ಎಂದು ತೋಳು ಹಿಡಿದಳು.

“ಕೂತರೆ ಏಳಲಾರೆ, ಬಿಡು” ಎಂದು ನುಂಜಿಯಾ ಕೊಸರಿಕೊಂಡು ನಡೆದಳು. ಅಗಾತಾಳೂ ಇನ್ನೊಂದು ಕೊಡ ಎತ್ತಿಕೊಂಡು ಹಿಂದೆ ಹೊರಟಳು.

ಐದು ತಿಂಗಳು ಹೀಗೆ ಕಳೆದು, ಒಂದು ಮಧ್ಯಾಹ್ನ ಕಡಲ ಮೇಲಿಂದ ಮೋಡ ಎದ್ದು ಮಳೆ ಸುರಿಯಿತು. ಏಳೂ ಹಂತ ಹಸಿರಾಗಿದ್ದವು. ಒಡೆಯ ಊರವರ ಮುಂದೆ ಮಾತು ಉಳಿಸಿಕೊಂಡ. ಜನ ಕೇಕೆ ಹಾಕಿದರು. ನುಂಜಿಯಾ ಮಾತ್ರ ಆ ಮಳೆಯಲ್ಲೇ ತುಂಬಿದ ಕೊಡದೊಡನೆ ಹತ್ತುತ್ತಿದ್ದಳು. “ಅಮ್ಮಾ, ಮಳೆ ಬಂತು, ಎಲ್ಲ ನಮ್ಮದಾಯಿತು!” ಎಂದು ಅಗಾತಾ ಕೂಗಿದರೆ, “ಮೇಲಿನ ಸಾಲಿಗೆ ನೀರು ಹಾಕುವುದು ಇನ್ನೂ ಬಾಕಿ ಇದೆ” ಎಂದಳಂತೆ. ಆಮೇಲೆ ಇಪ್ಪತ್ತು ವರ್ಷ ಬದುಕಿದಳು. ನೆಲ ದಕ್ಕಿತು, ನೆಮ್ಮದಿ ದಕ್ಕಲಿಲ್ಲ. ಹಣ್ಣು ಬಿಟ್ಟ ಮರಗಳ ನಡುವೆ ದಿನವೂ ಹತ್ತಿ ಇಳಿಯುತ್ತಲೇ ಇದ್ದಳು. ಅವಳು ಕೂತದ್ದನ್ನು ಕಂಡವರಿಲ್ಲ ಎನ್ನುತ್ತಾರೆ.

ಇಂದಿಗೂ ಬಾವಿಯಿಂದ ಮೇಲೇರುವ ಕಲ್ಲುಮೆಟ್ಟಿಲುಗಳ ನಡುವೆ ಅಂಗಾಲಿನಗಲ ಸವೆದ ಗುಳಿಗಳಿವೆ. ಪಕ್ಕದಲ್ಲಿ ಬೇಕಾದಷ್ಟು ಜಾಗವಿದ್ದರೂ, ಹತ್ತುವವರ ಕಾಲು ತಾನಾಗಿಯೇ ಅವುಗಳಲ್ಲಿ ಬೀಳುತ್ತದೆ.