ಗಾಲಿಗೆ ಒಪ್ಪಿದ ಫ್ರೇಮು

"ಗುರುಗಳೇ, ನೀವು ನಡೆದಂತೆಯೇ ನಡೆಯುತ್ತಿದ್ದೇನೆ. ಆದರೂ ನನ್ನ ಮನಸ್ಸು ಏಕೆ ನೆಲೆಗೊಳ್ಳುತ್ತಿಲ್ಲ?" ಎಂದು ಚನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಗುರುಗಳು ಏಳುವ ಹೊತ್ತಿಗೆ ಏಳುತ್ತಿದ್ದ. ಅವರು ಒಪ್ಪೊತ್ತು ಉಂಡರೆ ತಾನೂ ಒಪ್ಪೊತ್ತು ಉಣ್ಣುತ್ತಿದ್ದ. ಅವರ ಮಾತಿನ ಧಾಟಿಯೂ ಅವನ ನಾಲಿಗೆಗೆ ಬಂದಿತ್ತು. ಇತ್ತೀಚೆಗೆ ಧ್ಯಾನಕ್ಕೆ ಕುಳಿತರೆ ಅಳು ಬರುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ವಿಜಯಪುರದ ಕಡೆ ಒಬ್ಬ ಸೈಕಲ್ ಓಟಗಾರನಿದ್ದ. ವಯಸ್ಸಾದ ಮೇಲೆ, ತನ್ನ ಬಳಿ ಕಲಿತ ಹುಡುಗಿಯೊಬ್ಬಳಿಗೆ ತನ್ನ ರೇಸಿನ ಗಾಲಿಗಳೆರಡನ್ನೂ ಕೊಟ್ಟ. ಅವನ ಫ್ರೇಮು ಎಂದೋ ಮುರಿದುಹೋಗಿತ್ತು. ಗಾಲಿಗಳು ಬಲು ಹಗುರ, ಕಿರುಬೆರಳಿಗೆ ತೂಗುಹಾಕಿಕೊಳ್ಳಬಹುದು. ತೆಳ್ಳನೆಯ ಕಡ್ಡಿಗಳು, ಅಂಟು ಹಾಕಿ ಕೂರಿಸಿದ ಟೈರುಗಳು. ಇವನ್ನು ಗೋಡೆಗೆ ನೇತುಹಾಕದೆ ಓಡಿಸಬೇಕು ಎಂದು ಅವಳಿಂದ ಮಾತು ತೆಗೆದುಕೊಂಡ.

ಹುಡುಗಿ ಫ್ರೇಮು ಹುಡುಕಲು ಹೊರಟಳು. ಹೊಸ ಫ್ರೇಮುಗಳಲ್ಲಿ ಹಿಂದಿನ ಗಾಲಿ ಕೂರುವ ಜಾಗ ಅಗಲ. ಹಳೆಯ ಗಾಲಿ ಅಲ್ಲಿ ಸಡಿಲಾಗಿ ಆಡಿತು. ಪೇಟೆಯ ಸಾದಾ ಸೈಕಲ್ಲಿನ ಫ್ರೇಮು ಹೊರಲಾರದ ಭಾರ. ಅದಕ್ಕೆ ಈ ಗಾಲಿ ಹಾಕುವುದು ಎಮ್ಮೆಗೆ ಜಿಂಕೆಯ ಕಾಲು ಕಟ್ಟಿದ ಹಾಗೆ. ಕಡೆಗೆ ಸೊಲ್ಲಾಪುರದ ಗುಜರಿಯೊಂದರಲ್ಲಿ ಎರಡು ಹಳೆಯ ರೇಸಿನ ಫ್ರೇಮುಗಳು ಸಿಕ್ಕವು. ಒಂದು ಸಣ್ಣದು; ಬಣ್ಣ ಹೋಗಿ, ಯಾರು ಮಾಡಿದ್ದೆಂದೂ ತಿಳಿಯದಂತಿತ್ತು. ಇನ್ನೊಂದು ಓಟಗಾರನ ಹಳೆಯ ಫೋಟೋದಲ್ಲಿದ್ದಂಥದ್ದೇ. ಅದೇ ತಯಾರಿಕೆ, ಅದೇ ನೀಲಿ. ಗಾಲಿಗಳು ಎರಡಕ್ಕೂ ಸರಿಯಾಗಿ ಕೂತವು. ಅವಳು ನೀಲಿಯದನ್ನು ತಂದಳು.

ಓಟಗಾರ ಆರಡಿಯ ಆಳು. ಹುಡುಗಿ ಅವನ ಭುಜಕ್ಕೂ ಬರುತ್ತಿರಲಿಲ್ಲ. ಸೀಟನ್ನು ಪೂರ್ತಿ ಇಳಿಸಿದರೂ ಪೆಡಲ್ಲು ಕಾಲಿನ ತುದಿಬೆರಳಿಗಷ್ಟೇ ಸಿಗುತ್ತಿತ್ತು. ಹ್ಯಾಂಡಲ್ಲು ಹಿಡಿದರೆ ಬೆನ್ನು ಜಗ್ಗುತ್ತಿತ್ತು. ಗುರುವಿನ ದಾರಿ ಸುಲಭವಿರುತ್ತದೆಯೇ ಎಂದುಕೊಂಡು ಹಲ್ಲು ಕಚ್ಚಿ ತುಳಿದಳು. ಮೊದಲು ಎರವಲು ಸೈಕಲ್ಲಿನಲ್ಲೇ ಗೆಲ್ಲುತ್ತಿದ್ದ ಪಂದ್ಯಗಳಲ್ಲಿ ಈಗ ಹಿಂದುಳಿದಳು. ಮೊಣಕಾಲು ಬಾತಿತು. ಆ ನೋವನ್ನೂ ಭಕ್ತಿಯೆಂದೇ ತಿಳಿದಳು. ಜಿಲ್ಲೆಯ ತಂಡವನ್ನು ಆರಿಸುವ ದಿನ ಒಂದು ತಿರುವಿನಲ್ಲಿ ಬಿದ್ದಳು. ಮುಂದಿನ ಗಾಲಿ ಸೊಟ್ಟಗಾಯಿತು. ತಂಡದಲ್ಲಿ ಹೆಸರು ತಪ್ಪಿತು.

ಸೈಕಲ್ಲನ್ನು ಹೊತ್ತುಕೊಂಡೇ ಅವಳು ಓಟಗಾರನ ಮನೆಗೆ ಹೋದಳು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಳು. ಅವನು ಗಾಲಿಯ ಮಾತೆತ್ತಲಿಲ್ಲ. ಅವಳ ಮೊಣಕಾಲನ್ನು ಮುಟ್ಟಿ ನೋಡಿದ. ಆಮೇಲೆ ನೀಲಿ ಫ್ರೇಮನ್ನು ನೋಡಿದ.

"ಇದನ್ನೇ ಏಕೆ ಆರಿಸಿದೆ?"

"ನಿಮ್ಮದೂ ಇದೇ ಆಗಿತ್ತಲ್ಲ, ಕಾಕಾ."

"ಅವ್ವಾ, ನನ್ನ ಕಾಲು ಉದ್ದವೆಂದು ನಾನು ಇದನ್ನು ಆರಿಸಿದ್ದೆ."

ಹುಡುಗಿ ಅಲ್ಲೇ ಕುಳಿತು ಬಹಳ ಹೊತ್ತು ಅತ್ತಳು. ಮರುದಿನ ಇಬ್ಬರೂ ಕೂಡಿ ಗಾಲಿಯ ಸೊಟ್ಟು ತೆಗೆಸಿದರು. ಸಣ್ಣ ಫ್ರೇಮು ಇನ್ನೂ ಗುಜರಿಯಲ್ಲೇ ಬಿದ್ದಿತ್ತು, ಹೋಗಿ ತಂದರು. ಮೊಣಕಾಲು ವಾಸಿಯಾಗಲು ಮಳೆಗಾಲವೆಲ್ಲ ಹಿಡಿಯಿತು. ಮುಂದಿನ ವರ್ಷದ ಆಯ್ಕೆಯ ದಿನ ಓಟಗಾರ ರಸ್ತೆಯ ಬದಿಗೆ ಬಂದು ನಿಂತ. ಎಲ್ಲರಿಗಿಂತ ಮುಂದೆ ಬರುತ್ತಿದ್ದವಳನ್ನು ಅವನು ಕೂಡಲೇ ಗುರುತಿಸಲಿಲ್ಲ. ಅವಳು ಕೂತ ರೀತಿಯಲ್ಲಾಗಲಿ, ತುಳಿಯುವ ರೀತಿಯಲ್ಲಾಗಲಿ ಅವನದೆನ್ನುವುದು ಏನೂ ಇರಲಿಲ್ಲ. ಹತ್ತಿರ ಹಾದುಹೋದಾಗ ಗಾಲಿಗಳ ಸದ್ದು ಕೇಳಿ ಗುರುತು ಹಿಡಿದ. ಆಗ ಅವನಿಗೆ ಆದ ಸಂತೋಷ ತಾನೇ ಗೆದ್ದ ದಿನಗಳಲ್ಲೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಮುಖ ಹಗುರಾಯಿತು. ಹಾಗಾದರೆ ನಾಳೆಯಿಂದ ತಾನು ಯಾವ ಹೊತ್ತಿಗೆ ಏಳಬೇಕು, ಎಷ್ಟು ಉಣ್ಣಬೇಕು, ಹೇಗೆ ಕೂರಬೇಕು ಎಂಬುದನ್ನು ಗುರುಗಳೇ ಅಪ್ಪಣೆ ಕೊಡಿಸಬೇಕು ಎಂದು ಕೈಮುಗಿದ.

ಗುರುಗಳು ಮೆಲ್ಲಗೆ ಕೇಳಿದರು: "ನಿನ್ನ ಕಾಲು ಎಷ್ಟು ಉದ್ದವೆಂದು ನಾನು ಹೇಳಬೇಕೇ, ಚನ್ನವೀರ?"