ರವೆಯ ಮೈಮೇಲಿನ ತಾರೀಖು

ಅಡುಗೆಮನೆಯ ಡಬ್ಬಿಯೊಳಗೆ ಹೆಸರುಬೇಳೆ ಜೀವ ಕೈಯಲ್ಲಿ ಹಿಡಿದು ಕೂತಿತ್ತು. ಅದರ ತಾರೀಖು ಹೋದ ತಿಂಗಳೇ ಮುಗಿದಿತ್ತು, ಇವತ್ತು ನೀಲವ್ವ ಕೆಟ್ಟದ್ದನ್ನೆಲ್ಲ ತಿಪ್ಪೆಗೆ ಎಸೆಯುವವಳಿದ್ದಳು.

ಪಕ್ಕದ ರವೆ ಪೊಟ್ಟಣಕ್ಕೆ ಖುಷಿಯೋ ಖುಷಿ. "ಹೋಗಿ ಬಾ ಅಜ್ಜಿ. ನನಗೆ ದೀಪಾವಳಿವರೆಗೂ ಆಯುಸ್ಸಿದೆ. ಮೈಮೇಲೇ ಅಚ್ಚು ಹಾಕಿದ್ದಾರೆ, ನೋಡು."

"ಮಳೆಗಾಲದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದೀಯಲ್ಲೇ ತಂಗಿ. ನಿನ್ನನ್ನೂ ನನ್ನ ಹಾಗೆ ಹುರಿದು ಮುಚ್ಚಿಡಬೇಕಿತ್ತು."

"ತಾರೀಖು ಇರುವವರು ಬಾಣಲೆಗೆ ಯಾಕೆ ಬೀಳಬೇಕು?" ಎಂದು ರವೆ ಮೂತಿ ತಿರುವಿತು.

ಅಷ್ಟರಲ್ಲಿ ನೀಲವ್ವ ಬಂದಳು. ಬೇಳೆಯನ್ನು ಅಂಗೈಗೆ ಸುರಿದು ಮೂಸಿದಳು. ಒಂದು ಕಾಳನ್ನು ಹಲ್ಲಿಗೆ ಕೊಟ್ಟಳು, ಅದು ಕಟಂ ಎಂದಿತು. "ಪಾಯಸಕ್ಕಾಯಿತು," ಎಂದು ಒಲೆಯ ಪಕ್ಕ ಇಟ್ಟಳು. ಬೇಳೆಗೆ ಹೋದ ಉಸಿರು ಬಂತು.

ಆಮೇಲೆ ರವೆಯನ್ನು ಮೊರಕ್ಕೆ ಸುರಿದಳು. ರವೆಯ ತುಂಬ ಹುಳುಗಳು ಹರಿದಾಡುತ್ತಿದ್ದವು. "ಥೂ!" ಎಂದ ನೀಲವ್ವ ಮೊರ ಎತ್ತಿಕೊಂಡು ತಿಪ್ಪೆಯ ಕಡೆ ನಡೆದಳು.

ರವೆ ಹುಳುಗಳ ಮೇಲೆ ಹರಿಹಾಯ್ದಿತು. "ಯಾರ್ರೋ ನೀವು? ದೀಪಾವಳಿವರೆಗೆ ನಾನು ಕೆಡುವುದಿಲ್ಲವೆಂದು ಅಷ್ಟು ದಪ್ಪಕ್ಷರದಲ್ಲಿ ಬರೆದಿದೆಯಲ್ಲ!"

"ಬರೆದಿರಬಹುದು ತಾಯಿ," ಎಂದಿತು ಒಂದು ಹುಳು, ಬಾಯಿ ಒರೆಸಿಕೊಳ್ಳುತ್ತಾ. "ನಮಗೆ ಓದು ಬರುವುದಿಲ್ಲ. ಬಾಗಿಲು ತೆರೆದಿತ್ತು, ಬಂದೆವು."